ಬಿಟ್ಟು ಹೋದವನ ಅನ್ನಕ್ಕೆ ಕಲ್ಲು ಹಾಕುವ ಮಾಲಿಕರು



ವಾಶಿಯ ಒಂದು ಹೋಟೆಲಿನಲ್ಲಿ ಆರು ವರ್ಷ ದೋಸೆ ಕಾವಲಿಯ ಮುಂದೆ ಬೆಂದ ನಮ್ಮವನೊಬ್ಬ ಹೆಚ್ಚಿನ ಸಂಬಳಕ್ಕೆಂದು ಕೆಲಸ ಬಿಟ್ಟ. ಸಾನ್ಪಾಡಾದ ಹೋಟೆಲಿನವರು ಬಾ ಎಂದಿದ್ದರು. ಎರಡನೆಯ ದಿನವೇ ಬೇಡ ಎಂದರು. ಹಳೆಯ ಸೇಠರು ಫೋನು ಮಾಡಿ, ಅವನು ಗಲ್ಲಾಕ್ಕೆ ಕೈ ಹಾಕಿದವನು ಎಂದಿದ್ದರಂತೆ! ದೋಸೆ ಹೊಯ್ಯುವವನಿಗೂ ಗಲ್ಲಾಕ್ಕೂ ಏನು ಸಂಬಂಧ? ಆರು ವರ್ಷ ಕಾಣದ ಕಳ್ಳತನ ಬಿಟ್ಟ ಮರುದಿನ ಕಂಡಿತೇ? ಹೋಟೆಲಿನ ಹೆಸರನ್ನು ನಾವು ಬರೆಯುವುದಿಲ್ಲ. ಓದಿದವರು ತಮ್ಮ ತಮ್ಮ ಎದೆ ಮುಟ್ಟಿ ನೋಡಿಕೊಳ್ಳಲಿ.

ಊರಿನಿಂದ ಕರೆತಂದೆವು, ಅನ್ನ ಹಾಕಿದೆವು, ಕೆಲಸ ಕಲಿಸಿದೆವು ಎನ್ನುತ್ತಾರೆ. ನಿಜ, ಅಂಥವರಿದ್ದಾರೆ, ಆ ಉಪಕಾರವನ್ನು ನಾವು ಮರೆತಿಲ್ಲ. ಆದರೆ ಅನ್ನ ಹಾಕಿದವರು ದುಡಿಮೆಯನ್ನೂ ಪಡೆದಿದ್ದಾರೆ. ಲೆಕ್ಕ ಅಲ್ಲಿಗೆ ಚುಕ್ತಾ.

ಸುಳ್ಳು ಆರೋಪ ಹೊರಿಸಿ ಒಬ್ಬನ ಹೆಸರು ಕೆಡಿಸುವುದು ಮಾನನಷ್ಟದ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಂತೆ ಅದಕ್ಕೆ 2 ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಎರಡೂ, ಇಲ್ಲವೆ ಸಮುದಾಯ ಸೇವೆ. ಪರಿಹಾರದ ಸಿವಿಲ್ ದಾವೆ ಬೇರೆಯೇ. ನಿಜವಾಗಿ ಕದ್ದವನ ವಿಷಯವನ್ನು ಸದ್ಭಾವನೆಯಿಂದ ತಿಳಿಸಿದವನಿಗೆ ಕಾಯಿದೆಯ ರಕ್ಷಣೆ ಉಂಟು. ನಾವೂ ಕಳ್ಳರ ವಕಾಲತ್ತು ವಹಿಸುವವರಲ್ಲ. ಹೋಟೆಲಾಗಲಿ ಕಾರ್ಖಾನೆಯಾಗಲಿ, ಸಂಘ ಕಟ್ಟಿದನೆಂಬ ಸಿಟ್ಟಿಗೆ ಕೆಲಸದಿಂದ ತೆಗೆಯುವುದನ್ನು ಮಹಾರಾಷ್ಟ್ರದ 1971ರ ಕಾಯಿದೆ ಅನುಚಿತ ಕಾರ್ಮಿಕ ಪದ್ಧತಿ ಎಂದೇ ಕರೆದಿದೆ.

ಫೋನಿನ ಮಾತಿಗೆ ಸಾಕ್ಷಿ ಎಲ್ಲಿ ಎಂದು ಸೇಠರು ನಗುತ್ತಾರೆ. ಕೇಳಿದವನೇ ಸಾಕ್ಷಿ! ಈಗಂತೂ ವಾಟ್ಸಾಪಿನಲ್ಲಿ ಹುಡುಗನ ಫೋಟೋ ಹಾಕಿ, ಇವನನ್ನು ಇಟ್ಟುಕೊಳ್ಳಬೇಡಿ ಎಂದು ಬರೆಯುವ ಶೂರರಿದ್ದಾರೆ. ತಮ್ಮ ಪುರಾವೆಯನ್ನು ತಾವೇ ಬರೆದುಕೊಟ್ಟಂತಾಯಿತು.

ಬ್ರಿಟನ್ನಿನ ದೊಡ್ಡ ದೊಡ್ಡ ಕಟ್ಟಡ ಕಂಪೆನಿಗಳಿಗೂ ಇದೇ ಧೈರ್ಯವಿತ್ತು. ಅವು ಹಣ ಕೊಟ್ಟು ನಡೆಸುತ್ತಿದ್ದ ಗುಪ್ತ ಕಚೇರಿಯನ್ನು 2009ರಲ್ಲಿ ಸರಕಾರಿ ಅಧಿಕಾರಿಗಳು ಶೋಧಿಸಿದಾಗ 3,200ಕ್ಕೂ ಹೆಚ್ಚು ಹೆಸರುಗಳ ಕಪ್ಪುಪಟ್ಟಿ ಸಿಕ್ಕಿತು. ಸಂಘದಲ್ಲಿ ದುಡಿದವರು, ಕೆಲಸದ ಜಾಗದ ಅಪಾಯದ ಬಗ್ಗೆ ದೂರಿದವರು ಅದರಲ್ಲಿದ್ದರು. 2016ರಲ್ಲಿ ಆ ಕಂಪೆನಿಗಳು ಲಂಡನ್ನಿನ ಹೈಕೋರ್ಟಿನಲ್ಲಿ ಕ್ಷಮೆ ಕೇಳಿ ಪರಿಹಾರ ತೆತ್ತವು.

ಕೋರ್ಟಿಗಿಂತ ಬೇಗ ಬರುವ ನಷ್ಟವೂ ಇದೆ. ಇಂಥ ಮಾಲಿಕನ ಸುದ್ದಿ ಕುಂದಾಪುರ, ಕಾರ್ಕಳ ಮುಟ್ಟಲು ಎಷ್ಟು ದಿನ ಬೇಕು? ಆ ಮೇಲೆ ಅವನ ಅಡಿಗೆಮನೆಗೆ ಭಟ್ಟರನ್ನು ಹುಡುಕಿಕೊಡುವವರು ಯಾರು?

ಕೆಲಸ ಬಿಡುವ ಬಂಧುಗಳು ಬಾಕಿ ಸಂಬಳವನ್ನೂ ಸರ್ವಿಸ್ ಸರ್ಟಿಫಿಕೇಟನ್ನೂ ಬರಹದಲ್ಲಿ ಕೇಳಿ. ಹೊಸ ಜಾಗದಲ್ಲಿ ಬೇಡವೆಂದರೆ, ಯಾರು ಯಾವ ದಿನ ಏನು ಹೇಳಿದರೆಂದು ಅಂದೇ ಬರೆದಿಟ್ಟುಕೊಂಡು ಸಂಘದ ಕಚೇರಿಗೆ ಬನ್ನಿ.