ಶಾಲೆಯಲ್ಲಿ ಕೃಷಿ ಪಾಠ: ಪರೀಕ್ಷೆಗೋ, ಬದುಕಿಗೋ?

ಮುಂಬಯಿ: ಆಟಿ ತಿಂಗಳು ಬಂತೆಂದರೆ ಮಹಾನಗರದ ತುಳು-ಕನ್ನಡಿಗರ ಸಂಘ-ಸಂಸ್ಥೆಗಳಲ್ಲಿ ‘ಆಟಿಡೊಂಜಿ ದಿನ’ದ ಸಂಭ್ರಮ. ಪತ್ರೊಡೆ, ತಜಂಕ್ ಪಲ್ಯ, ಹಲಸಿನ ಬೀಜದ ಚಟ್ನಿಯನ್ನು ನಮ್ಮ ಮಕ್ಕಳೂ ಚಪ್ಪರಿಸಿ ತಿನ್ನುತ್ತಾರೆ. ಆದರೆ ಪತ್ರೊಡೆಯ ಕೆಸುವನ್ನು ಬೀಜ ಬಿತ್ತಿ ಬೆಳೆಯುವುದೋ, ಗಡ್ಡೆ ನೆಟ್ಟು ಬೆಳೆಯುವುದೋ ಎಂದು ಕೇಳಿದರೆ ಉತ್ತರಿಸುವ ಮಕ್ಕಳು ಎಷ್ಟು ಮಂದಿ? ಗದ್ದೆ ಉತ್ತವರ ಮೊಮ್ಮಕ್ಕಳಿಗೆ ಅನ್ನದ ಮೂಲವೇ ಅಪರಿಚಿತವಾಗುತ್ತಿರುವ ಈ ಕಾಲದಲ್ಲಿ, ಶಾಲೆಯಲ್ಲಿ ಕೃಷಿ ಕಲಿಸಬೇಕೆಂಬ ಮಾತು ಗಂಭೀರ ಚಿಂತನೆಗೆ ಅರ್ಹವಾಗಿದೆ.

ಈ ಮಾತು ಸರಕಾರಿ ಮಟ್ಟದಲ್ಲೂ ಕೇಳಿಬರುತ್ತಿದೆ. 2019ರಲ್ಲಿ ಕೇಂದ್ರ ಸರಕಾರವು ಬಿಸಿಯೂಟ ಯೋಜನೆಯಡಿ ಶಾಲಾ ಕೈತೋಟಗಳಿಗೆ ಮಾರ್ಗಸೂಚಿ ಹೊರಡಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನಗಳ ‘ಬ್ಯಾಗ್‌ರಹಿತ’ ಅವಧಿಯನ್ನು ಸೂಚಿಸಿ, ಬಡಗಿ, ಕುಂಬಾರ, ತೋಟಗಾರರಂಥ ಸ್ಥಳೀಯ ಕಸುಬುದಾರರಿಂದ ಕಲಿಯಬೇಕೆಂದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಝಾನ್ಸಿಯ ಕೃಷಿ ವಿಶ್ವವಿದ್ಯಾಲಯದ ಕಟ್ಟಡಗಳನ್ನು ಉದ್ಘಾಟಿಸಿದ ಪ್ರಧಾನಿಯವರು ಗ್ರಾಮೀಣ ಶಾಲೆಗಳ ಮಾಧ್ಯಮಿಕ ಹಂತದಲ್ಲೇ ಕೃಷಿ ವಿಷಯ ಬರಬೇಕೆಂದರು. 2023ರಲ್ಲಿ ಮಹಾರಾಷ್ಟ್ರ ಸರಕಾರವೂ ಶಾಲಾ ಪಠ್ಯಕ್ರಮದಲ್ಲಿ ಕೃಷಿಯನ್ನು ಸೇರಿಸುವ ಇಂಗಿತ ವ್ಯಕ್ತಪಡಿಸಿತ್ತು.

ಹಾಗೆ ನೋಡಿದರೆ ಇದು ಹೊಸ ಆಲೋಚನೆಯೇನಲ್ಲ. 1937ರ ಅಕ್ಟೋಬರ್‌ನಲ್ಲಿ ಇದೇ ಮಹಾರಾಷ್ಟ್ರದ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ‘ನಯೀ ತಾಲೀಮ್’ ಅನ್ನು ಮುಂದಿಟ್ಟರು. ನೂಲುವುದು, ನೇಯುವುದು, ಬೇಸಾಯ ಇವುಗಳ ಮೂಲಕವೇ ಲೆಕ್ಕ, ವಿಜ್ಞಾನ, ಭಾಷೆ ಕಲಿಸಬೇಕೆಂಬುದು ಅದರ ತಿರುಳು. ಸ್ವಾತಂತ್ರ್ಯಾನಂತರ ಅದು ಹಿಂದೆ ಬಿತ್ತು. ಕೈಕೆಸಲಿನ ಶಾಲೆ ಹಳ್ಳಿಯ ಬಡವರಿಗೆ, ಪುಸ್ತಕದ ಶಾಲೆ ಉಳ್ಳವರಿಗೆ ಎಂಬ ಭಾವನೆ ಪಾಲಕರಲ್ಲಿ ಬೇರೂರಿದ್ದೇ ಇದಕ್ಕೆ ಒಂದು ಮುಖ್ಯ ಕಾರಣ. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಶಿಫಾರಸು ಮಾಡಿದ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವೂ ಅನೇಕ ಶಾಲೆಗಳಲ್ಲಿ ಕಾಗದದ ಹೂ ಮಾಡಿ ಅಂಕ ಪಡೆಯುವಲ್ಲಿಗೆ ಮುಗಿಯಿತು. ಕೃಷಿಯೂ ಮತ್ತೊಂದು ಪಠ್ಯಪುಸ್ತಕವಾಗಿ ಬಂದರೆ ಅದೇ ಗತಿ. ಕೆಂಪು ಮಣ್ಣಿನ ಗುಣಗಳನ್ನು ಬಾಯಿಪಾಠ ಮಾಡಿದ ಮಗು ಮಣ್ಣನ್ನು ಮುಟ್ಟಿಯೇ ಇರುವುದಿಲ್ಲ.

ಇದಕ್ಕೆ ಭಿನ್ನವಾದ ಮಾದರಿಯೂ ನಮ್ಮ ಸಮೀಪವೇ ಇದೆ. ಪುಣೆ ಜಿಲ್ಲೆಯ ಪಾಬಳ್‌ನಲ್ಲಿ ವಿಜ್ಞಾನಿ ಡಾ. ಎಸ್. ಎಸ್. ಕಲಬಾಗ್ ಅವರು 1983ರಲ್ಲಿ ಸ್ಥಾಪಿಸಿದ ವಿಜ್ಞಾನ ಆಶ್ರಮವು ಕೃಷಿ, ಪಶುಪಾಲನೆ, ಆಹಾರ ಸಂಸ್ಕರಣೆ, ವಿದ್ಯುತ್ ಮತ್ತು ಯಂತ್ರ ಕೆಲಸಗಳನ್ನು ಮಾಡಿ ಕಲಿಯುವ ಪಾಠಕ್ರಮವನ್ನು ಪ್ರೌಢಶಾಲೆಗಳಿಗೆ ಕೊಟ್ಟಿದೆ. ಇಲ್ಲಿ ಕೆಲಸವೇ ಪಾಠ.

ಮುಂಬಯಿಯ ಶಾಲೆಗಳಲ್ಲಿ ಜಾಗವೆಲ್ಲಿ ಎಂಬ ಪ್ರಶ್ನೆ ಸಹಜ. 2019ರ ಮಾರ್ಗಸೂಚಿಯೇ ಕುಂಡ, ಡಬ್ಬ, ಗೋಣಿಚೀಲ, ತಾರಸಿಯಲ್ಲೂ ಬೆಳೆಸಬಹುದೆಂದು ತಿಳಿಸಿದೆ. ನಿಜವಾದ ತೊಡಕು ಬೇರೆ. ಎಪ್ರಿಲ್-ಮೇ ರಜೆಯಲ್ಲಿ ನೀರು ಹಾಕುವವರು ಯಾರು? ಉತ್ಸಾಹದ ಶಿಕ್ಷಕರೊಬ್ಬರು ವರ್ಗವಾದರೆ ತೋಟದ ಗತಿಯೇನು? ಆದ್ದರಿಂದ ಶಾಲೆಯ ಕ್ಯಾಲೆಂಡರ್‌ಗೆ ಹೊಂದುವ ಬೆಳೆಯೇ ಬೇಕು. ಹರಿವೆ, ಮೆಂತ್ಯ ತಿಂಗಳೊಳಗೆ ಕೊಯ್ಲಿಗೆ ಬರುತ್ತವೆ. ಬಸಳೆಗೆ ಒಂದು ತುಂಡು ಬಳ್ಳಿ ಸಾಕು. ಜೂನ್‌ನಲ್ಲಿ ಬಿತ್ತಿದ ಬೆಂಡೆ ಸುಮಾರು ಒಂದೂವರೆ ತಿಂಗಳಲ್ಲಿ ಫಲ ಕೊಡತೊಡಗುತ್ತದೆ. ತೋಟದ ಕೆಲಸ ಯಾವ ಮಗುವಿಗೂ ಶಿಕ್ಷೆಯಾಗಬಾರದು, ಕೆಲವರ ಪಾಲಿಗಷ್ಟೇ ಬೀಳಲೂಬಾರದು ಎಂಬ ಎಚ್ಚರವೂ ಅಗತ್ಯ.

ನಮ್ಮವರಿಗೆ ಇದರಲ್ಲಿ ಇನ್ನೊಂದು ಸಂಗತಿ ಅಡಗಿದೆ. ಊರಿನಲ್ಲಿ ನಮ್ಮ ಅನೇಕ ಕುಟುಂಬಗಳ ಗದ್ದೆಗಳು ಹಡಿಲು ಬಿದ್ದಿವೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿಯನ್ನು ಮತ್ತೆ ಭತ್ತದ ಗದ್ದೆಯಾಗಿಸುವ ಆಂದೋಲನ ನಡೆದಾಗ ಹೊರನಾಡಿನಲ್ಲಿದ್ದ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಆ ಭೂಮಿ ನಾಳೆ ಯಾರ ಕೈಗೆ ಬರುತ್ತದೋ ಆ ಮಕ್ಕಳಿಗೆ ಗದ್ದೆಯೆಂದರೆ ಚದರಡಿಯ ಬೆಲೆ ಮಾತ್ರ ಎಂದಾದರೆ ಅದನ್ನು ಉಳಿಸಿಕೊಳ್ಳುವವರು ಯಾರು?

ಎಲ್ಲ ಮಕ್ಕಳೂ ಕೃಷಿಕರಾಗಬೇಕೆಂದು ಯಾರೂ ಹೇಳುತ್ತಿಲ್ಲ. ತಟ್ಟೆಯಲ್ಲಿ ಬಿಟ್ಟ ಒಂದು ಹಿಡಿ ಅನ್ನದ ಹಿಂದಿರುವ ತಿಂಗಳುಗಟ್ಟಲೆಯ ಶ್ರಮ ಅವರಿಗೆ ಗೊತ್ತಿರಬೇಕು, ಅಷ್ಟೆ. ಸರಕಾರದ ಪಠ್ಯಕ್ರಮ ಬರುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಪ್ರತಿಭಾ ಪುರಸ್ಕಾರ, ಪುಸ್ತಕ ವಿತರಣೆಯನ್ನು ಶ್ರದ್ಧೆಯಿಂದ ನಡೆಸುವ ನಮ್ಮ ಸಂಘಗಳು ಬರುವ ಜೂನ್‌ನಲ್ಲಿ ಪ್ರತಿ ಸದಸ್ಯರ ಮನೆಯ ಮಗುವಿನ ಕೈಗೆ ಒಂದು ಕೆಸುವಿನ ಗಡ್ಡೆಯನ್ನೂ ಕೊಡಲಿ. ಮುಂದಿನ ಮಳೆಗಾಲಗಳ ಆಟಿ ಕೂಟಕ್ಕೆ ಒಂದಿಷ್ಟು ಎಲೆ ಮಕ್ಕಳು ಬೆಳೆಸಿದ ಕುಂಡಗಳಿಂದಲೇ ಬರಲಿ. ಖರ್ಚು ಅಲ್ಪ, ಬೇಕಾದದ್ದು ಮನಸ್ಸು.