ಗಂಟೆ ಲೆಕ್ಕ ಸರಿ, ಎಣ್ಣೆ ಲೆಕ್ಕ?

ಕೃಷಿಹೊಂಡ, ಬದು, ಕೆರೆ ಹೂಳು – ಒಣಭೂಮಿಯ ನಮಗೆ ಈಗ ಎಲ್ಲಕ್ಕೂ ಹಿಟಾಚಿಯೇ ಬೇಕು. ಯಾವ ಕಂಪನಿಯದಾದರೂ ನಮ್ಮ ಕಡೆ ಅದಕ್ಕೆ ಅದೇ ಹೆಸರು. ಬಾಡಿಗೆಗೆ ಕರೆಯುವಾಗ ಗಂಟೆಗೆಷ್ಟು ಅಂತ ಮಾತ್ರ ಕೇಳ್ತೇವೆ. ಚೈನಿನ ಗೇರ್‌ಬಾಕ್ಸ್ ಎಣ್ಣೆ ಯಾವಾಗ ನೋಡಿದ್ದು ಅಂತಲೂ ಕೇಳಬೇಕು ಎಂಬುದು ನನ್ನ ವಾದ.

ಎಂಜಿನ್ ಆಯಿಲನ್ನು ಡ್ರೈವರು ದಿನಾ ನೋಡ್ತಾನೆ. ಎರಡೂ ಬದಿ ಚೈನ್ ಎಳೆಯುವ ಹಲ್ಲುಚಕ್ರದ ಒಳಗಿನ ಗೇರುಗಳ ಎಣ್ಣೆ ಯಾರ ಕಣ್ಣಿಗೂ ಬೀಳದು. ಅದು ಹೈಡ್ರಾಲಿಕ್ ಎಣ್ಣೆಯಲ್ಲ, ಬೇರೆ. ಎರೆಮಣ್ಣಿನ ಕೆಸರು ಸೀಲಿನ ಸುತ್ತ ಕಟ್ಟಿ ಒಣಗಿತೆಂದರೆ ಸೀಲು ಸವೆದು ಎಣ್ಣೆ ಹೊರಗೆ, ನೀರು ಒಳಗೆ.

ನೋಡುವುದು ಕಷ್ಟವಲ್ಲ. ಸಮ ನೆಲದಲ್ಲಿ, ಎಣ್ಣೆ ಇಳಿಸುವ ಪ್ಲಗ್ ತಳಕ್ಕೆ ಬರುವಂತೆ ನಿಲ್ಲಿಸಿ, ಆರಿದ ಮೇಲೆ ಮಟ್ಟ ನೋಡುವ ಪ್ಲಗ್ಗನ್ನು ನಿಧಾನ ಸಡಿಲಿಸಬೇಕು. ಒಳಗೆ ಒತ್ತಡ ಇರ್ತದೆ, ಮುಖ ಎದುರಿಗಿಡಬಾರದು. ಎಣ್ಣೆ ತೂತಿನ ಅಂಚಿಗಿರಬೇಕು. ಹಾಲಿನಂತಿದ್ದರೆ ನೀರು ಸೇರಿದೆ. ಲೋಹದ ಚೂರಿದ್ದರೆ ಗೇರು ಸವೆಯುತ್ತಿದೆ. ಬದಲಿಸುವ ಗಂಟೆ ಕೈಪಿಡಿಯಲ್ಲಿದೆ – ಕೆಲವಕ್ಕೆ 1000, ಕೆಲವಕ್ಕೆ 2000. ಕೆಸರಲ್ಲಿ ದುಡಿದದ್ದಕ್ಕೆ ಇನ್ನೂ ಬೇಗ ಬೇಕು.

ಮಾಲೀಕನ ಯಂತ್ರ, ನಮಗೇನು ಅನ್ನಬೇಡಿ. ಹೊಂಡದ ತಳದಲ್ಲಿ ಒಂದು ಚೈನ್ ನಿಂತರೆ 20 ಟನ್ನಿನ ಯಂತ್ರವನ್ನು ಎತ್ತು ಕಟ್ಟಿ ಎಳೆಯಲಾದೀತೆ? ಅಷ್ಟರಲ್ಲಿ ಮಳೆ ಬಂದರೆ ಅರ್ಧ ತೋಡಿದ ಹೊಂಡದಲ್ಲೇ ಆ ವರ್ಷ ಮುಗಿಯಿತು. ಮಾಲೀಕರೂ ಯೋಚಿಸಲಿ: ಎಣ್ಣೆ ಕೆಲವೇ ಲೀಟರು, ಗೇರ್‌ಬಾಕ್ಸ್ ಲಕ್ಷದ ಮಾತು. ಹಾಗೆಯೇ, ಇಳಿಸಿದ ಹಳೇ ಎಣ್ಣೆ ಡಬ್ಬಿಗೆ ಹೋಗಲಿ, ನಮ್ಮ ಹೊಲಕ್ಕೆ ಬೇಡ.