ಕೂಸು ಆಡ್ಸೋಕೂ ಕೂಲಿನಾ? ತಲಕಾಡಿನ ಒಂದು ಮನೆ ಲೆಕ್ಕ

ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಮೊದಲ ಹಂತದಲ್ಲಿ ಇಡೀ ದೇಶದಲ್ಲಿ ಆರಿಸಿಕೊಂಡಿದ್ದು ಬರೀ 33 ಕಡೆ. ಕರ್ನಾಟಕದಲ್ಲಿ ಅದು ಮೊದಲು ಬಂದಿದ್ದು ನಮ್ಮ ತಿ. ನರಸೀಪುರ ತಾಲ್ಲೂಕಿಗೆ, ನೂರು ಅಂಗನವಾಡಿಗಳ ಜೊತೆ. ತಲಕಾಡು ಇರೋದು ಇದೇ ತಾಲ್ಲೂಕಲ್ಲಿ. ಹೊರಗಿನವರಿಗೆ ತಲಕಾಡು ಅಂದ್ರೆ ಮರಳು, ಪಂಚಲಿಂಗ ದರ್ಶನ, ಭಾನುವಾರದ ತೆಪ್ಪ. ಮಕ್ಕಳ ಪಾಲನೆಯನ್ನು ಸರ್ಕಾರದ ಕೆಲಸ ಅಂತ ರಾಜ್ಯದಲ್ಲಿ ಮೊದಲು ಒಪ್ಪಿಕೊಂಡ ನೆಲವೂ ಇದೇ ಅನ್ನೋದು ಊರಿನವರಿಗೇ ಹೆಚ್ಚು ಗೊತ್ತಿಲ್ಲ.

ಐವತ್ತು ವರ್ಷ ದಾಟಿದೆ. ಇವತ್ತೂ ನಮ್ಮ ಕಡೆ ಒಂದೂವರೆ ವರ್ಷದ ಮಗು ಇರೋ ಹೆಂಗಸು ದುಡಿಯೋಕೆ ಹೊರಟರೆ ಮಗುವನ್ನು ಬಿಡೋದು ಅತ್ತೆ ಹತ್ರ, ಇಲ್ಲಾಂದ್ರೆ ಅಮ್ಮನ ಹತ್ರ. ಅವರಿಬ್ಬರ ಕೈಲೂ ಆಗಲ್ಲ ಅಂದ್ರೆ ಪಕ್ಕದ ಬೀದಿ ಹುಡುಗಿ ಹತ್ರ. ಆ ಹುಡುಗಿಗೆ ಎಷ್ಟು ಕೊಡಬೇಕು ಅನ್ನೋದೇ ಈ ಲೇಖನದ ಪ್ರಶ್ನೆ.

ನಮ್ಮ ದೊಡ್ಡಮ್ಮನ ಸೊಸೆ, ನನಗೆ ಅತ್ತಿಗೆ, ನರಸೀಪುರದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡ್ತಾರೆ. ಸಂಬಳ ತಿಂಗಳಿಗೆ 9,000. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ದುಡ್ಡಿಲ್ಲ, ಹಾಗಾಗಿ ಈ ಕೆಲಸ ಗಿಟ್ಟುತ್ತೆ. ದೊಡ್ಡಮ್ಮನಿಗೆ ಮಂಡಿನೋವು, ಓಡಾಡೋ ಮಗುವಿನ ಹಿಂದೆ ಓಡೋಕಾಗಲ್ಲ. ಈ ಬೇಸಿಗೆಗೆ ಎಸ್ಸೆಸ್ಸೆಲ್ಸಿ ಬರೆದು ರಜದಲ್ಲಿರೋ ಹದಿನಾರರ ಹುಡುಗಿಯೊಬ್ಬಳನ್ನ ಗೊತ್ತು ಮಾಡಿದ್ರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು, ವಾರಕ್ಕೆ ಆರು ದಿನ. ಊಟ, ಕಾಫಿ, ಗೌರಿ ಹಬ್ಬಕ್ಕೆ ಒಂದು ಜೊತೆ ಬಟ್ಟೆ, ತಿಂಗಳಿಗೆ 2,000 ರೂಪಾಯಿ.

ಎರಡು ಸಾವಿರ ಯಾಕೆ ಅಂತ ಕೇಳಿದೆ. ದೊಡ್ಡಮ್ಮ ಅಂದ್ರು: "ನನ್ ಗೃಹಲಕ್ಷ್ಮಿ ದುಡ್ಡು ಬತ್ತದಲ್ಲ, ಅದ್ನೇ ಕೊಟ್ಬುಡ್ತೀನಿ ಕನ." ಮನೆಯೊಡತಿಯ ಕೈಗೆ ಸರ್ಕಾರ ಹಾಕೋ ದುಡ್ಡು ಹಾಗೇ ಇನ್ನೊಬ್ಬ ಹುಡುಗಿಯ ಕೈಗೆ ದಾಟಿ ಹೋಗುತ್ತೆ. ಈ ಎರಡು ಯೋಜನೆಗಳು ಹಳ್ಳಿ ಮನೆಯೊಳಗೆ ಏನು ಮಾಡ್ತಿವೆ ಅಂತ ನೋಡಬೇಕಾದ್ರೆ ಟೀವಿ ಚರ್ಚೆಗಿಂತ ಇಂಥ ಮನೆಗಳೇ ವಾಸಿ.

ಸರಿ, ಲೆಕ್ಕ. ದಿನಕ್ಕೆ 9 ಗಂಟೆ, ತಿಂಗಳಿಗೆ 26 ದಿನ, ಒಟ್ಟು 234 ಗಂಟೆ. 2,000ವನ್ನು ಅದರಿಂದ ಭಾಗಿಸಿದ್ರೆ ಗಂಟೆಗೆ ಎಂಟೂವರೆ ರೂಪಾಯಿ. ಬಸ್‌ಸ್ಟ್ಯಾಂಡಲ್ಲಿ ಒಂದು ಟೀಗೂ ಅದು ಸಾಲಲ್ಲ.

ಯಾವುದಕ್ಕೆ ಹೋಲಿಸಬೇಕು? ಇದಕ್ಕೆ ಉತ್ತರ ಹುಡುಕೋಕೆ ದೂರ ಹೋಗಬೇಕಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಅನುಸೂಚಿಯಲ್ಲೇ ಒಂದು ಮಾತಿತ್ತು: ಕೆಲಸದ ಜಾಗಕ್ಕೆ ತಾಯಂದಿರ ಜೊತೆ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳು ಬಂದರೆ, ಆ ಹೆಂಗಸರಲ್ಲೇ ಒಬ್ಬರನ್ನ ಮಕ್ಕಳನ್ನ ನೋಡಿಕೊಳ್ಳೋಕೆ ನೇಮಿಸಬೇಕು, ಅವರಿಗೂ ಕೂಲಿ ಕೊಡಬೇಕು. ಮಣ್ಣು ಹೊರೋಳಿಗೆ ಎಷ್ಟೋ, ಮಗು ನೋಡೋಳಿಗೂ ಅಷ್ಟೇ. ನನ್ನ ಮಟ್ಟಿಗೆ ಆ ಕಾಯ್ದೆಯಲ್ಲಿದ್ದ ಬಹಳ ದೊಡ್ಡ ಸಾಲು ಅದು. "ಸುಮ್ನೆ ಕೂಸು ಆಡಿಸ್ಕೊಂಡು ಕೂತಿರೋದು" ಅನ್ನೋದನ್ನ ಗುದ್ದಲಿ ಕೆಲಸದ ಸಮಕ್ಕೆ ತಂದು ನಿಲ್ಲಿಸಿತ್ತು.

2025-26ಕ್ಕೆ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ಗಂಟೆ ಅಂತ ಹಿಡಿದ್ರೆ ಗಂಟೆಗೆ 46. ಇಪ್ಪತ್ತಾರು ದಿನಕ್ಕೆ 9,620. ಇಲ್ಲಿ ಲೆಕ್ಕ ನಮ್ಮ ಕಡೆಗೇ ತಿರುಗುತ್ತೆ. ಅತ್ತಿಗೆಯ ಸಂಬಳವೇ 9,000! ಒಂಬತ್ತು ಗಂಟೆ ನಿಂತು ಸೀರೆ ಬಿಚ್ಚಿ ಮಡಚೋ ಹೆಂಗಸಿಗೆ ಸಿಗ್ತಿರೋದು ಗಂಟೆಗೆ 38 ರೂಪಾಯಿ. ತನಗೇ ನ್ಯಾಯದ ಕೂಲಿ ಸಿಗದೆ ಇರೋಳು ಇನ್ನೊಬ್ಬಳಿಗೆ ನ್ಯಾಯದ ಕೂಲಿ ಎಲ್ಲಿಂದ ತರಬೇಕು? ಹುಡುಗಿಗೆ ಮೋಸ ಆಗ್ತಿದೆ ಅಂತ ಅತ್ತಿಗೆ ಮುಂದೆ ಭಾಷಣ ಮಾಡೋದು ಸುಲಭ. ಆದರೆ ಅವರಿಬ್ಬರ ನಡುವೆ ಹಂಚೋಕೆ ಇರೋ ದುಡ್ಡೇ ಅಷ್ಟು.

ಆದರೆ ಇಲ್ಲೊಂದು ಕಳ್ಳಲೆಕ್ಕ ಇದೆ. ಮಗು ನೋಡೋಳ ಕೂಲಿಯನ್ನ ಯಾವಾಗಲೂ ಯಾರ ಸಂಬಳದಿಂದ ಕಳೀತೀವಿ? ತಾಯಿಯದ್ದರಿಂದ. "ಒಂಬತ್ತು ಸಾವಿರ ತಂದು ಏಳು ಸಾವಿರ ಅವಳಿಗೆ ಕೊಟ್ಟು ಯಾವ ಪುರುಷಾರ್ಥಕ್ಕೆ ಕೆಲಸಕ್ಕೆ ಹೋಗ್ಬೇಕು?" ಅನ್ನೋ ಪ್ರಶ್ನೆ ಅತ್ತಿಗೆಗೆ ಬರುತ್ತೆ, ಗೂಡ್ಸ್ ಆಟೋ ಓಡಿಸೋ ಅಣ್ಣನಿಗೆ ಬರಲ್ಲ. ಮಗು ಇಬ್ಬರದ್ದು, ಕೂಲಿ ಮಾತ್ರ ಒಬ್ಬಳ ಲೆಕ್ಕದ್ದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡ್ತಾರೆ, ಗಂಡಸರು 88 ನಿಮಿಷ. ಮನೆಯ ಒಟ್ಟು ಆದಾಯದಿಂದ ಕಳೆದು ನೋಡಿ, ಅದೇ ಕೂಲಿ ಅಷ್ಟು ಭಯಂಕರವಾಗಿ ಕಾಣಲ್ಲ.

ಈಗ ಹುಡುಗಿ ವಯಸ್ಸಿನ ವಿಷಯ. ಹದಿನಾಲ್ಕರೊಳಗಿನ ಮಗುವನ್ನ ಮನೆಗೆಲಸಕ್ಕೆ ಇಟ್ಟುಕೊಳ್ಳೋದು 2006ರಿಂದಲೇ ನಿಷಿದ್ಧ. 2016ರ ತಿದ್ದುಪಡಿ ಎಲ್ಲ ಕೆಲಸಕ್ಕೂ ಅದನ್ನ ವಿಸ್ತರಿಸಿತು. ಜೊತೆಗೇ ಒಂದು ಕಿಂಡಿಯನ್ನೂ ಬಿಟ್ಟಿತು: ಶಾಲೆ ಮುಗಿದ ಮೇಲೆ ಅಥವಾ ರಜದಲ್ಲಿ ಮಗು ತನ್ನ ಕುಟುಂಬಕ್ಕೆ ನೆರವಾಗಬಹುದು. ಕುಟುಂಬ ಅಂದ್ರೆ ಅಪ್ಪ, ಅಮ್ಮ, ಒಡಹುಟ್ಟಿದವರಷ್ಟೇ ಅಲ್ಲ, ಅಪ್ಪನ ಅಣ್ಣ-ತಮ್ಮ, ಅಕ್ಕ-ತಂಗಿ, ಅಮ್ಮನ ಕಡೆಯೂ ಹಾಗೇ. ಚಿಕ್ಕಮ್ಮನ ಮಗುವನ್ನ ಹನ್ನೆರಡರ ಹುಡುಗಿ ದಿನವಿಡೀ ಎತ್ತಿಕೊಂಡಿದ್ದರೂ ಅದು "ನೆರವು". ಬೆಂಗಳೂರು, ಮೈಸೂರಿನ ಅಪಾರ್ಟ್‌ಮೆಂಟ್‌ಗೆ ಕಳಿಸಿದ ಹುಡುಗಿಯನ್ನ "ನಮ್ಮ ಸಂಬಂಧಿಕರ ಮಗಳು" ಅಂತ ಪರಿಚಯ ಮಾಡೋದು ಎಷ್ಟು ಸಲೀಸು ಅಂತ ನೀವೇ ಯೋಚಿಸಿ.

ಹದಿನಾಲ್ಕರಿಂದ ಹದಿನೆಂಟರ ಕಿಶೋರರು ಗಣಿ, ಸ್ಫೋಟಕ, ಅಪಾಯಕಾರಿ ಪ್ರಕ್ರಿಯೆ ಬಿಟ್ಟು ಬೇರೆ ಕೆಲಸ ಮಾಡಬಹುದು. ಅದೇ ಕಾನೂನಿನಲ್ಲಿ ಅವರ ಸಮಯಕ್ಕೆ ಮಿತಿ ಇದೆ. ಒಂದೇ ಸಮ ಮೂರು ಗಂಟೆಗಿಂತ ಹೆಚ್ಚಿಲ್ಲ, ವಿರಾಮವೂ ಸೇರಿ ದಿನಕ್ಕೆ ಆರು ಗಂಟೆ, ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸವೇ ಇಲ್ಲ. ಇದನ್ನ ಬರೆದಿರೋದು ಅಂಗಡಿ, ವರ್ಕ್‌ಶಾಪ್, ಹೋಟೆಲುಗಳನ್ನ ಮನಸ್ಸಿನಲ್ಲಿಟ್ಟುಕೊಂಡು. ಆ ಪಟ್ಟಿಯಲ್ಲಿ ಮನೆ ಇಲ್ಲ. ಆದ್ರೆ ಹೋಟೆಲಲ್ಲಿ ತಟ್ಟೆ ಎತ್ತೋ ಹದಿನಾರರ ಹುಡುಗನಿಗೆ ಆರು ಗಂಟೆ ಮಿತಿ ಆದರೆ, ಹತ್ತು ಕೆ.ಜಿ. ಮಗುವನ್ನ ಸೊಂಟದಲ್ಲಿ ಹೊರೋ ಹದಿನಾರರ ಹುಡುಗಿಗೆ ಒಂಬತ್ತು ಯಾಕೆ?

"ಇನ್ನೂ ಚಿಕ್ಕೋಳು, ಅಷ್ಟೆಲ್ಲಾ ಯಾಕೆ ಕೊಡ್ಬೇಕು?" ಅನ್ನೋ ವಾದಕ್ಕೆ ಹಳೇ ಕಾನೂನಿನ ಬೆಂಬಲ ಇತ್ತು. 1948ರ ಕನಿಷ್ಠ ವೇತನ ಕಾಯ್ದೆ ವಯಸ್ಕರಿಗೆ, ಕಿಶೋರರಿಗೆ ಬೇರೆ ಬೇರೆ ದರ ಇಡೋಕೆ ಅವಕಾಶ ಕೊಟ್ಟಿತ್ತು. ಬ್ರಿಟನ್ನಿನಲ್ಲೂ ಹಾಗೇ: 2025ರ ಏಪ್ರಿಲ್‌ನಲ್ಲಿ 21 ದಾಟಿದವರಿಗೆ ಗಂಟೆಗೆ 12.21 ಪೌಂಡ್, 18ರ ಒಳಗಿನವರಿಗೆ 7.55 ಇತ್ತು. ಅಮೆರಿಕದಲ್ಲಿ ಅಪರೂಪಕ್ಕೆ ಮಗು ನೋಡಿಕೊಳ್ಳೋರಿಗೆ ಫೆಡರಲ್ ಕನಿಷ್ಠ ವೇತನವೇ ಅನ್ವಯಿಸಲ್ಲ. ಅಲ್ಲಿರೋ ನಮ್ಮ ನೆಂಟರು "ಇಲ್ಲೂ ಹೈಸ್ಕೂಲ್ ಮಕ್ಕಳೇ ಬೇಬಿಸಿಟ್ ಮಾಡ್ತಾರೆ" ಅಂತ ಹೇಳ್ತಾರಲ್ಲ, ಅದು ಶನಿವಾರ ಸಂಜೆ ಅಪ್ಪ ಅಮ್ಮ ಸಿನಿಮಾಗೆ ಹೋದಾಗಿನ ಮೂರು ಗಂಟೆ. ತಿಂಗಳಿಗೆ 234 ಗಂಟೆಯನ್ನ ಅದಕ್ಕೆ ಹೋಲಿಸಬಾರದು. ನನ್ನ ಅಭಿಪ್ರಾಯ ಇಷ್ಟು: ವಯಸ್ಸು ಕಡಿಮೆ ಅಂದ್ರೆ ಗಂಟೆ ಕಡಿಮೆ ಆಗ್ಬೇಕು, ಹೊಣೆ ಕಡಿಮೆ ಆಗ್ಬೇಕು, ಗಂಟೆಯ ದರ ಕಡಿಮೆ ಆಗ್ಬಾರ್ದು. ನೋಡ್ಕೊಳ್ಳೋಳು ಚಿಕ್ಕೋಳು ಅಂತ ಮಗು ಕಡಿಮೆ ಅಳಲ್ಲ.

ಊಟ, ಬಟ್ಟೆಯ ಮಾತು ಇನ್ನೂ ಹಳೇದು. ಹೊಟ್ಟೆಗೆ ಹಿಟ್ಟು, ವರ್ಷಕ್ಕೊಂದು ಜೊತೆ ಬಟ್ಟೆ ಅಂತ ಹುಡುಗರನ್ನ ದನ ಕಾಯೋಕೆ, ಹುಡುಗಿಯರನ್ನ ಕೂಸು ಎತ್ತೋಕೆ ಇಟ್ಟುಕೊಳ್ತಿದ್ದ ಪದ್ಧತಿಗೆ ನಮ್ಮ ಕಡೆ ಜೀತ ಅಂತ ಹೆಸರು. 1976ರಲ್ಲಿ ಅದನ್ನ ಕಾನೂನಿನಿಂದ ತೆಗೆದು ಹಾಕಿದ್ದಾಯ್ತು. ದೊಡ್ಡಮ್ಮನ ಮನೆಯಲ್ಲಿ ನಡೀತಿರೋದು ಜೀತ ಅಲ್ಲ, ಆ ಹುಡುಗಿ ಬೇಡ ಅಂದ್ರೆ ನಾಳೆಯೇ ಬಿಡಬಹುದು. ಆದ್ರೆ ಕೂಲಿಯ ಜಾಗದಲ್ಲಿ ಬಟ್ಟೆ ಇಡೋ ಅಭ್ಯಾಸ ಅಲ್ಲಿಂದಲೇ ಬಂದಿದೆ. ಜಾತಿಯೂ ಇದರೊಳಗೇ ಇದೆ. ಹೊರಗಿನ ಕಸ ಗುಡಿಸೋಕೆ ಯಾವ ಕೇರಿಯವರಾದರೂ ನಡೆಯುತ್ತೆ, ಮಗು ಎತ್ತೋಕೆ, ಉಗ್ಗು ತಿನ್ನಿಸೋಕೆ "ನಮ್ಮೋರೇ" ಆಗಬೇಕು. ನಮ್ಮೋಳು ಆದ ತಕ್ಷಣ ಅವಳು ಮನೆ ಮಗಳು. ಮನೆ ಮಗಳ ಹತ್ರ ಕೂಲಿ ಮಾತಾಡೋದು ಮರ್ಯಾದೆ ಅಲ್ವಲ್ಲ! ಹೀಗೆ ಜಾತಿ ಒಬ್ಬಳ ಕೆಲಸದ ಅವಕಾಶ ಕಿತ್ತುಕೊಳ್ಳುತ್ತೆ, ಇನ್ನೊಬ್ಬಳ ಕೂಲಿ ಕಿತ್ತುಕೊಳ್ಳುತ್ತೆ.

ಸರ್ಕಾರ ಮಾಡೋದೂ ಹೆಚ್ಚುಕಮ್ಮಿ ಇದನ್ನೇ. ಅಂಗನವಾಡಿ ಕಾರ್ಯಕರ್ತೆಗೆ ಕೊಡೋದಕ್ಕೆ ಸಂಬಳ ಅನ್ನಲ್ಲ, ಗೌರವಧನ ಅಂತಾರೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ನಿಗದಿ ಮಾಡಿದ್ದು ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಮೇಲಿನದ್ದು ರಾಜ್ಯ ಸೇರಿಸ್ತದೆ. ಅವರಿಗೂ ಗ್ರಾಚ್ಯುಟಿ ಸಲ್ಲಬೇಕು ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದಿದ್ದು 2022ರಲ್ಲಿ. ಮಕ್ಕಳನ್ನ ನೋಡಿಕೊಳ್ಳೋದು ಸೇವೆ, ಸೇವೆಗೆ ಗೌರವ ಸಾಕು ಅನ್ನೋ ಧಾಟಿ ವಿಧಾನಸೌಧದಲ್ಲೂ ದೊಡ್ಡಮ್ಮನ ಪಡಸಾಲೆಯಲ್ಲೂ ಒಂದೇ.

ದೊಡ್ಡಮ್ಮನ ಮನೆಯಲ್ಲಿ ಕೊನೆಗೆ ಆಗಿದ್ದು ಹೀಗೆ: ದಿನಕ್ಕೆ ಆರು ಗಂಟೆ, ದಿನಕ್ಕೆ 200 ರೂಪಾಯಿ, ಅಂದ್ರೆ ಗಂಟೆಗೆ 33. ಅರ್ಧ ಅಣ್ಣ ಕೊಡೋದು. ಬೆಳಿಗ್ಗೆ ಸಂಜೆಯ ಹೊತ್ತು ದೊಡ್ಡಮ್ಮ, ಅಣ್ಣ ಸೇರಿ ಸಂಭಾಳಿಸೋದು. ಇದು ನ್ಯಾಯದ ಕೂಲಿ ಅಂತ ನಾನು ಒಪ್ಪಲ್ಲ, ನರೇಗಾ ದರದಲ್ಲಿ ಆರು ಗಂಟೆಗೇ 277 ಆಗಬೇಕಿತ್ತು. ಜಾಸ್ತಿ ಜಗಳ ಆಗಿದ್ದು ಮೊತ್ತದ ಬಗ್ಗೆ ಅಲ್ಲ, ದುಡ್ಡು ಯಾರ ಕೈಗೆ ಅನ್ನೋದ್ರ ಬಗ್ಗೆ. ಹುಡುಗಿಯ ಅಪ್ಪ ತನ್ನ ಕೈಗೆ ಕೇಳಿದ್ರು. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಹೆಸರಲ್ಲೇ ಉಳಿತಾಯ ಖಾತೆ ತೆರೆದು ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಅವಳ ಖಾತೆಗೇ ಹಾಕೋದು ಅಂತ ಅತ್ತಿಗೆ ಹಟ ಹಿಡಿದು ಗೆದ್ದರು.

ಆದ್ರೆ ಇಂಥ ಒಪ್ಪಂದ ಮನೆಮನೆಯಲ್ಲಿ ಮಾಡಿಸಿಕೊಂಡು ಕೂರೋಕಾಗಲ್ಲ. ಅಂಗನವಾಡಿಗೆ ಮಕ್ಕಳನ್ನ ಕಳಿಸೋಕಾಗೋದು ಮೂರು ವರ್ಷ ಆದ ಮೇಲೆ. ಅದಕ್ಕಿಂತ ಚಿಕ್ಕವರಿಗೆ ಸಿಗೋದು ಮನೆಗೆ ಒಯ್ಯೋ ಪೌಷ್ಟಿಕ ಆಹಾರದ ಪೊಟ್ಟಣ. ನಾಲ್ಕಕ್ಕೆ ಬಾಗಿಲು ಹಾಕಿದ್ರೆ ಆರಕ್ಕೆ ಬರೋ ತಾಯಿಗೆ ಉಪಯೋಗ ಇಲ್ಲ. ಈ ಕಂದಕ ತುಂಬೋಕೆ ಅಂತಲೇ 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಅಂತ ಘೋಷಿಸಿತು. ಒಳ್ಳೇ ಯೋಜನೆ, ಹೆಸರೂ ಚೆಂದ. ಆದರೆ ನೋಡಿಕೊಳ್ಳೋರ ಕೂಲಿಯನ್ನ ನರೇಗಾಗೆ ಗಂಟು ಹಾಕಿದ್ರು. ಆ ಹೆಂಗಸು ಮಗು ನೋಡಿದ ದಿನಗಳೆಲ್ಲಾ ಅವಳ ಕುಟುಂಬದ ನೂರು ದಿನದಿಂದಲೇ ಕಳೆದು ಹೋಗ್ತಿದ್ದವು. ಈಗ 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಜಾಗಕ್ಕೆ ಬೇರೆ ಕಾಯ್ದೆಯನ್ನೇ ತಂದಿದೆ. ಕೂಸಿನ ಮನೆಯ ಆರೈಕೆದಾರರಿಗೆ ಮುಂದೆ ಯಾವ ಲೆಕ್ಕದಲ್ಲಿ ಕೂಲಿ ಬರುತ್ತೆ, ಎಷ್ಟು ದಿನಕ್ಕೆ ಬರುತ್ತೆ ಅಂತ ಪ್ರತೀ ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು. ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯಾ, ಇದ್ರೆ ಬಾಗಿಲು ತೆಗೆದಿರುತ್ತಾ, ಎಷ್ಟು ಗಂಟೆವರೆಗೆ ಅಂತ ಒಮ್ಮೆ ಹೋಗಿ ನೋಡಿ. ನಾವು ಗ್ಯಾರಂಟಿಗಳ ಪರ-ವಿರೋಧ ರೀಲ್ಸ್ ಹಂಚೋದರಲ್ಲಿ ಕಳೆದ ಸಮಯದಲ್ಲಿ ಅರ್ಧ ಗಂಟೆ ಸಾಕು ಇದಕ್ಕೆ.

ಜೂನ್‌ನಲ್ಲಿ ಪಿಯು ತರಗತಿ ಶುರು. ಆ ಹುಡುಗಿ ನರಸೀಪುರಕ್ಕೆ ಕಾಲೇಜಿಗೆ ಹೋಗ್ತಾಳೆ, ಅತ್ತಿಗೆ ಹೋಗೋ ಅದೇ ಬಸ್ಸಲ್ಲಿ. ಮಗುವನ್ನ ನೋಡಿಕೊಳ್ಳೋಕೆ ಬೀದಿಯಲ್ಲಿ ಆಗಲೇ ಇನ್ನೊಂದು ಹೆಸರು ಓಡಾಡ್ತಿದೆ. ಅವಳಿನ್ನೂ ಎಂಟನೇ ಕ್ಲಾಸು.